ಕಾಮಸಮುದ್ರದಿಂದ ಸಮುದ್ರಕ್ಕೆ, ಒಂದು ಬೆಳಗಿನ ಫೋಟೋಗೆ

ನಮ್ಮೂರು ಕಾಮಸಮುದ್ರ. ಬಂಗಾರಪೇಟೆ ತಾಲ್ಲೂಕಿನ ಹೋಬಳಿ. ರೈಲ್ವೆ ಸ್ಟೇಷನ್ ಬೋರ್ಡಿನಲ್ಲೂ ಸಮುದ್ರ ಇದೆ. ಹೊರಗಿಂದ ಬಂದವರು 'ಎಲ್ಲಿ ಸ್ವಾಮಿ ನಿಮ್ಮ ಸಮುದ್ರ?' ಅಂತ ಕೇಳದೆ ಬಿಡಲ್ಲ. ಹಳೇ ಕಾಲದಲ್ಲಿ ದೊಡ್ಡ ಕೆರೆಗೂ ಸಮುದ್ರ ಅಂತಿದ್ದರು, ಹೊಯ್ಸಳರ ದೋರಸಮುದ್ರ ಇರಲಿಲ್ಲವಾ ಅಂತ ಹೇಳಿ ಹೇಳಿ ನಮಗೂ ಸಾಕಾಗಿದೆ. ಈ ಕಡೆ ಹೆಸರುಗಳೇ ಹಾಗೆ. ಕೆಜಿಎಫ್‌ನಲ್ಲಿ ಕೋರಮಂಡಲ್ ಅಂತ ಒಂದು ಸ್ಟೇಷನ್ ಇದೆ. ಅಸಲಿ ಕೋರಮಂಡಲ ಕರಾವಳಿ ಅಲ್ಲಿಂದ 200 ಕಿ.ಮೀ.ಗೂ ಹೆಚ್ಚು ಆಚೆ. 1902ರಲ್ಲಿ ಗಣಿಗೆ ಕರೆಂಟ್ ಬಂದದ್ದು ಶಿವನಸಮುದ್ರದಿಂದ. ಅಲ್ಲೂ ಸಮುದ್ರ ಇಲ್ಲ.

ನಾವು ಐದು ಜನ. ಇಬ್ಬರು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ ಪೇಪರಿಗೆ ಸುದ್ದಿ ಕಳಿಸುವವರು. ಒಬ್ಬ ಮದುವೆ ಸ್ಟುಡಿಯೋದವನು. ಒಬ್ಬ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವನು. ಇನ್ನೊಬ್ಬ ಕೆಜಿಎಫ್‌ನವನು, ದಿನಾ ಬೆಳಗ್ಗೆ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು. ಅವನ ಮನೆ ಮಾತು ತಮಿಳು, ನಮಗೆ ಅದು ಆಮೇಲೆ ಉಪಯೋಗಕ್ಕೆ ಬಂತು. ಎರಡು ಕ್ಯಾಮೆರಾ, ಮೂರು ಮೊಬೈಲು. ಒಂದು ಕ್ಯಾಮೆರಾ ಸೆಕೆಂಡ್ ಹ್ಯಾಂಡ್, ಅದರ ಕಂತು ಇನ್ನೂ ಮುಗಿದಿಲ್ಲ.

ಸುದ್ದಿ ಕಳಿಸುವವರ ಕ್ಯಾಮೆರಾದಲ್ಲಿ ಏನಿರುತ್ತೆ ಅಂತ ನಿಮಗೂ ಗೊತ್ತು. ಮಗುಚಿದ ಟೆಂಪೋ, ಬತ್ತಿದ ಬೋರ್‌ವೆಲ್, ರೇಟಿಲ್ಲದೆ ರಸ್ತೆಗೆ ಸುರಿದ ಟೊಮೆಟೊ, ಆನೆ ತುಳಿದ ಹೊಲ. ನಮ್ಮ ಹೋಬಳಿ ಆಂಧ್ರ, ತಮಿಳುನಾಡು ಎರಡರ ಗಡಿಗೂ ಹತ್ತಿರ. ಆನೆಗೆ ಗಡಿ ಗೊತ್ತಿಲ್ಲ. ಆನೆ ದಾಳಿಗೆ ಜೀವ ಹೋದ ಮನೆಗಳ ಮುಂದೂ ನಾವು ಕ್ಯಾಮೆರಾ ಹಿಡಿದು ನಿಂತಿದ್ದೇವೆ. ಯಾರ ಕಣ್ಣಲ್ಲೂ ನೀರಿಲ್ಲದ ಒಂದು ಫೋಟೋ ತೆಗೆಯೋಣ ಅಂತ ಶುರುವಾದದ್ದು ಈ ಬೆಳಗಿನ ಹುಚ್ಚು. ಮೊದಲು ಊರ ಕೆರೆ ಏರಿ ಮೇಲೆ ನಿಲ್ಲುತ್ತಿದ್ದೆವು. ಚಳಿಗಾಲದಲ್ಲಿ ಕತ್ತಲಿರುವಾಗ ಅಲ್ಲಿಗೆ ಹೋಗಬೇಡಿ ಅಂತ ಮನೆಯವರು ಬೈದರು. ಆಮೇಲೆ ಕೆಜಿಎಫ್ ಕಡೆ ಹೋದೆವು. ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ಗುಡ್ಡ ಉಳೀತು. ಏಳೂ ಕಾಲಿನ ಬಿಸಿಲು ಬಿದ್ದಾಗ ಆ ಮಣ್ಣಿಗೆ ಬಣ್ಣ ಬರುತ್ತೆ ನೋಡಿ, ಒಳಗಿಂದ ತೆಗೆದ ಚಿನ್ನ ಎಲ್ಲೂ ಹೋಗಿಲ್ಲ ಅನ್ನಿಸುತ್ತೆ.

ಒಂದು ಸಲ ನಿಜವಾದ ಸಮುದ್ರದ ಸೂರ್ಯೋದಯ ತೆಗೀಬೇಕು ಅಂದವನು ಡೇರಿಯವನು. ಅವನು ಸಮುದ್ರವನ್ನೇ ನೋಡಿರಲಿಲ್ಲ. ಮಂಗಳೂರಿಗೆ ಹೋಗೋಣ ಅಂತ ಇಬ್ಬರು ಅಂದರು. ಆಗ ನಕ್ಕೆವು, ಯಾಕಂದ್ರೆ ಕರ್ನಾಟಕದ ಕಡಲು ಇರೋದು ಪಡುವಣಕ್ಕೆ. ಕಾರವಾರ, ಉಡುಪಿ, ಮಂಗಳೂರು ಎಲ್ಲಿ ನಿಂತರೂ ಸೂರ್ಯ ಬೆನ್ನ ಹಿಂದಿನ ಘಟ್ಟದಿಂದ ಬರುತ್ತಾನೆ, ನೀರಿಗೆ ಇಳಿಯೋದು ಸಂಜೆ. ಮರವಂತೆಯಲ್ಲಿ ಮಾತ್ರ ಒಂದು ಉಪಾಯ ಇದೆ. ಅಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಬೆಳಗ್ಗೆ ಹೊಳೆ ಕಡೆ ತಿರುಗಿ ನಿಂತರೆ ನೀರಿನ ಮೇಲೆ ಬೆಳಕು ಸಿಗುತ್ತೆ. ಆದರೆ ಅದು ಹೊಳೆ, ಕಡಲಲ್ಲ. ನಮಗೆ ಹತ್ತಿರದ ಮೂಡಲ ಕಡಲು ಅಂದ್ರೆ ಚೆನ್ನೈ. ಬಂಗಾರಪೇಟೆಯಲ್ಲಿ ರಾತ್ರಿ ರೈಲು ಹತ್ತಿದರೆ ಸುಮಾರು 290 ಕಿ.ಮೀ., ಕೋಳಿ ಕೂಗೋ ಹೊತ್ತಿಗೆ ಇಳಿಯಬಹುದು.

ಡಿಸೆಂಬರ್ ಕೊನೆಯ ಒಂದು ಶನಿವಾರ ಹೊರಟೆವು. ಜನರಲ್ ಬೋಗಿ, ಕ್ಯಾಮೆರಾ ಬ್ಯಾಗ್ ಮಡಿಲಲ್ಲಿ, ನಿದ್ದೆ ಇಲ್ಲ.

ಬೆಸೆಂಟ್ ನಗರದ ಎಲಿಯಟ್ಸ್ ಬೀಚಿಗೆ ಆಟೋದವನು ಕತ್ತಲಲ್ಲೇ ಬಿಟ್ಟು ಹೋದ. ಅಲ್ಲಿ ಬಿಳೀ ಕಮಾನಿನ ಒಂದು ಕಟ್ಟಡ ಇದೆ. 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತಾನೇ ಮುಳುಗಿದ ಡೆನ್ಮಾರ್ಕಿನ ನಾವಿಕ ಕಾರ್ಲ್ ಸ್ಮಿತ್ ನೆನಪಿಗೆ ಕಟ್ಟಿದ್ದು. ಅದರ ಹತ್ತಿರ ಆಗಲೇ ಹತ್ತು ಹದಿನೈದು ಟ್ರೈಪಾಡು ನಿಂತಿದ್ದವು. ನಮ್ಮ ಹಾಗೇ ಹುಚ್ಚು ಹತ್ತಿದವರು, ಬೇರೆ ಬೇರೆ ಊರಿನವರು. ಒಬ್ಬರ ಲೆನ್ಸ್ ನಮ್ಮ ಡೇರಿಯ ಹಾಲಿನ ಕ್ಯಾನಿನಷ್ಟು ಉದ್ದ. ನಮ್ಮ ಕ್ಯಾಮೆರಾ ಹೊರಗೆ ತೆಗೆಯೋಕೆ ಸ್ವಲ್ಪ ನಾಚಿಕೆ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವರೇ ಜಾಗ ಬಿಟ್ಟುಕೊಟ್ಟು, ಬಣ್ಣ ಬರೋದು ಸೂರ್ಯ ಹುಟ್ಟಿದ ಮೇಲಲ್ಲ, ಹುಟ್ಟೋಕೆ ಅರ್ಧ ಗಂಟೆ ಮುಂಚೆ, ಈಗಲೇ ಶುರು ಮಾಡಿ ಅಂದರು.

ಇದು ನಿಜ. ನೀವು ಮೊಬೈಲಲ್ಲಿ ತೆಗೆದರೂ ಅಷ್ಟೇ. ಬೆಳಕಿರುವ ಕಡೆ ಸ್ಕ್ರೀನ್ ಮೇಲೆ ಬೆರಳೊತ್ತಿ ಹಿಡಿದು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಆಕಾಶ ಬೆಳ್ಳಗೆ ಸುಟ್ಟುಹೋಗಲ್ಲ. ಉಪ್ಪು ಗಾಳಿಗೆ ಲೆನ್ಸ್ ಮಬ್ಬಾಗುತ್ತೆ, ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಕನ್ನಡಿ ಇರುವ ಹಳೇ ಕ್ಯಾಮೆರಾದ ಕಿಂಡಿಯಲ್ಲಿ ಏರಿದ ಸೂರ್ಯನನ್ನು ನೋಡಲೇಬೇಡಿ, ಕಣ್ಣು ಹೋಗುತ್ತೆ.

ಆರೂವರೆಗೆ ಹುಟ್ಟಬೇಕಿದ್ದ ಸೂರ್ಯ ಹುಟ್ಟಲಿಲ್ಲ. ನೀರು ಮುಟ್ಟುವ ಕಡೆ ಒಂದು ಮೋಡದ ಗೋಡೆ. ಚೆನ್ನೈ ನಮ್ಮೂರಿಗಿಂತ ಸುಮಾರು ಎರಡು ಡಿಗ್ರಿ ಮೂಡಲಿಗಿದೆ, ಹಾಗಾಗಿ ಅಲ್ಲಿ ಎಂಟು ನಿಮಿಷ ಮೊದಲೇ ಬೆಳಗಾಗುತ್ತೆ ಅಂತ ದಾರಿಯುದ್ದಕ್ಕೂ ಲೆಕ್ಕ ಹೇಳಿದ್ದವರು ನಾವು. ಆ ಎಂಟು ನಿಮಿಷ ಮೋಡದಲ್ಲೇ ಹೋಯ್ತು. ನಮ್ಮೂರಲ್ಲಿ ಆಗ ಬಿಸಿಲು ಬಂದಿರಬಹುದು ಅಂತ ಸ್ಟುಡಿಯೋದವನು ರೇಗಿಸಿದ.

ಅಷ್ಟರಲ್ಲಿ ಊರೂರು ಕುಪ್ಪದ ಕಡೆ ದೋಣಿಗಳು ಬಂದವು. ಕಟ್ಟು ಮತ್ತು ಮರ ಸೇರಿ ಕಟ್ಟುಮರ, ಇಂಗ್ಲಿಷಿನ ಕಟಮರಾನ್ ಹುಟ್ಟಿದ್ದು ಇದರಿಂದಲೇ. ಈಗ ಬಹುಪಾಲು ಫೈಬರ್ ದೋಣಿ, ಹಿಂದೆ ಮೋಟಾರು. ನಾವೆಲ್ಲ ಓಡಿದೆವು. ಟ್ರೈಪಾಡಿನವರೂ ಓಡಿದರು. ಬಲೆಯಲ್ಲಿ ಅಂಥದ್ದೇನೂ ಇರಲಿಲ್ಲ. ಬಲೆ ಬಿಡಿಸುತ್ತಿದ್ದ ವಯಸ್ಸಾದವರು ತಲೆ ಎತ್ತದೆ ಏನೋ ಅಂದರು. ಕೆಜಿಎಫ್‌ನವನ ಮುಖ ಸಣ್ಣದಾಯ್ತು. 'ಮೀನು ಬಂದ ದಿನ ಯಾರೂ ಬರಲ್ಲ, ಬರೀ ಬಲೆ ಇರೋ ದಿನ ಇಷ್ಟು ಜನ ಕ್ಯಾಮೆರಾ' ಅಂದರಂತೆ. ನಮ್ಮ ಹಳ್ಳಿಗಳಲ್ಲಿ ನಮಗೆ ಯಾರೂ ಬಾಯಿ ಬಿಟ್ಟು ಹೇಳದ ಮಾತು ಅದು. ಕ್ಯಾಮೆರಾ ಇಳಿಸಿದೆವು. ಬಲೆಯ ಒಂದು ಅಂಚು ಹಿಡಿಯಿರಿ ಅಂದರು, ಹಿಡಿದೆವು. 2004ರ ಡಿಸೆಂಬರ್ 26 ಕೂಡ ಭಾನುವಾರವೇ, ಸುನಾಮಿ ಬಂದಾಗ ಜನ ಇಲ್ಲಿ ಬೆಳಗಿನ ವಾಕಿಂಗ್‌ನಲ್ಲಿದ್ದರು, ಫೋಟೋ ತೆಗೆಯುವಾಗ ಕಡಲಿಗೆ ಬೆನ್ನು ಹಾಕಬೇಡಿ ಅಂತ ಅವರು ಹೇಳಿದರು.

ಬಲೆ ಹಿಡಿದಿದ್ದಾಗಲೇ ಸೂರ್ಯ ಮೋಡದ ಮೇಲೆ ಬಂದ. ಡೇರಿಯವನೊಬ್ಬನೇ ಕ್ಲಿಕ್ ಮಾಡಿದ್ದು, ಒಂದು ಕೈಯಲ್ಲಿ. ಚಿತ್ರ ಓರೆಯಾಗಿದೆ.

ಆಗ ಫೋನು ಬಂತು. ಗಡಿ ಕಡೆಯ ಹಳ್ಳಿಯ ರೈತರೊಬ್ಬರದು. ರಾತ್ರಿ ಆನೆಗಳು ಬಂದು ರಾಗಿ ಮೆದೆ ಎಳೆದು ಹಾಕಿವೆ, ಜನಕ್ಕೆ ಏನೂ ಆಗಿಲ್ಲ, ಬೇಗ ಬನ್ನಿ ಫೋಟೋಗೆ ಅಂತ. ನಮ್ಮ ಹಿಂದೆ ಅಲೆಯ ಸದ್ದು. 'ಎಲ್ಲಿದ್ದೀರಿ, ಮಳೆನಾ?' ಅಂತ ಕೇಳಿದರು. ಸಮುದ್ರದ ಹತ್ತಿರ ಅಂದೆವು. 'ನಾವೂ ಸಮುದ್ರದಲ್ಲೇ ಇದೀವಲ್ಲ' ಅಂದರು ಅವರು. ಕಾಮಸಮುದ್ರದ ಪೇಟೆಯಲ್ಲಿದ್ದೇವೆ ಅಂದುಕೊಂಡಿದ್ದರು. ಚೆನ್ನೈ ಅಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಸರಿ ಬಿಡಿ, ಅಂದರು. ಆಮೇಲೆ ಆಫೀಸಿನಿಂದಲೂ ಫೋಟೋ ಕೇಳಿ ಫೋನು ಬಂತು. ಆ ಫೋನಿಗಿಂತ ಈ 'ಸರಿ ಬಿಡಿ' ಹೆಚ್ಚು ಚುಚ್ಚಿತು. ಪರಿಹಾರದ ಅರ್ಜಿಗೆ ಅವರು ಪ್ರತಿ ಸಲ ಅಂಟಿಸುತ್ತಿದ್ದದ್ದು ನಾವು ತೆಗೆದ ಫೋಟೋ.

ಅವರ ಮನೆಯಲ್ಲಿ ಮಗಳ ಹತ್ತಿರ ಸ್ಮಾರ್ಟ್ ಫೋನ್ ಇತ್ತು. ಕಡಲ ದಂಡೆಯಲ್ಲಿ ಕೂತು, ವಿಡಿಯೋ ಕಾಲ್‌ನಲ್ಲಿ ಆ ಹುಡುಗಿಗೆ ಹೇಳಿಕೊಟ್ಟೆವು. ಮೊದಲು ಯಾವುದನ್ನೂ ಎತ್ತಬೇಡ, ಗುಡಿಸಬೇಡ. ಕ್ಯಾಮೆರಾ ಸೆಟ್ಟಿಂಗಲ್ಲಿ ಲೊಕೇಶನ್ ಆನ್ ಮಾಡು. ದೂರದಿಂದ ಒಂದು ತೆಗಿ, ಅದರಲ್ಲಿ ಹೊಲದ ಗುರುತಿನ ಮರ ಕಾಣಲಿ. ಆಮೇಲೆ ಹತ್ತಿರದಿಂದ. ಹೆಜ್ಜೆ ಗುರುತಿನ ಪಕ್ಕ ಕುಡುಗೋಲು ಇಡು, ಅಳತೆ ಗೊತ್ತಾಗುತ್ತೆ. ಲದ್ದಿ ಇದ್ದರೆ ಅದನ್ನೂ ತೆಗಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು, ಇಲ್ಲದಿದ್ದರೆ ತಾರೀಕು ಜಾಗದ ವಿವರ ಕಳೆದುಹೋಗುತ್ತೆ. ಮೂಲ ಫೋಟೋ ಡಿಲೀಟ್ ಮಾಡಬೇಡ. ಹುಡುಗಿ ಹನ್ನೊಂದು ಫೋಟೋ ಕಳಿಸಿದಳು. ಮುಂದಿನ ಗೆರೆ ನಮ್ಮ ಫೋಟೋಗಳಿಗಿಂತ ನೆಟ್ಟಗಿತ್ತು.

ಅವುಗಳಲ್ಲಿ ಒಂದು ಪೇಪರಿನಲ್ಲಿ ಬಂತು. ಹುಡುಗಿಯ ಹೆಸರು ಹಾಕಿ ಅಂತ ಕೇಳಿದ್ದೆವು, ಹಾಕಲಿಲ್ಲ.

ವಾಪಸ್ ಬಂದ ಮೇಲೆ ಅವರ ಮನೆಗೆ ಹೋದೆವು. ಉಳಿದ ರಾಗಿ ಚೀಲಕ್ಕೆ ತುಂಬಿದ್ದರು. ಕಾಫಿ ಕೊಟ್ಟು, ಎಲ್ಲಿ ತೋರಿಸಿ ಆ ಸಮುದ್ರ ಅಂದರು. ಡೇರಿಯವನು ತನ್ನ ಓರೆ ಫೋಟೋ ತೋರಿಸಿದ. ಬಹಳ ಹೊತ್ತು ನೋಡಿ, ಇಷ್ಟು ನೀರು ಉಪ್ಪಾ, ಅಂದರು.

ಮುಂದಿನ ಸಲ ಮರವಂತೆಗೆ ಅಂತ ಮಾತಾಗಿದೆ. ಎಲ್ಲರ ರಾಗಿ ಮನೆ ಸೇರಿದ ಮೇಲೆ. ಸುದ್ದಿಯವರಿಬ್ಬರಲ್ಲಿ ಒಬ್ಬರು ಊರಲ್ಲೇ ಉಳಿಯಬೇಕು, ಯಾರು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.