ಆಶ್ರಯವೂ ಕಾಯಕವೂ

ಕಳೆದ ಕಾರ್ತಿಕ ಮಾಸದ ಕಡೆಯ ಸೋಮವಾರದ ಪೂಜೆಗೆ ಹೂವು ತರಲೆಂದು ನಾವು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿದ್ದೆವು. ಹೂವಿನ ಪೊಟ್ಟಣ ಹಿಡಿದು ಬಸ್ ನಿಲ್ದಾಣದ ಕಡೆಗೆ ನಡೆದು ಬರುತ್ತಿರುವಾಗ, ರಸ್ತೆಯಂಚಿನಲ್ಲಿ ಉಣ್ಣೆಯ ಬಟ್ಟೆಗಳನ್ನು ಹರಡಿಕೊಂಡು ಕುಳಿತಿದ್ದ ಟಿಬೆಟಿನ ತಾಯಿಯೊಬ್ಬರು ನಮ್ಮ ಹಣೆಯ ವಿಭೂತಿಯನ್ನು ಕಂಡು, “ಬನ್ನಿ ಐನೋರೇ, ಚಳಿ ಸುರುವಾಯ್ತು, ಒಂದು ಸ್ವೆಟರು ತಕ್ಕಳಿ” ಎಂದರು.

ನಾವು ಥಟ್ಟನೆ ನಿಂತೆವು. ಉರ್ದು, ತಮಿಳುಗಳೇ ಕಿವಿಗೆ ಬೀಳುವ ಆ ಬೀದಿಯಲ್ಲಿ ಕೇಳಿಬಂದದ್ದು ನಮ್ಮ ಹುಟ್ಟೂರಿನ ಕನ್ನಡ. ವಿಚಾರಿಸಲಾಗಿ, ಅವರು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ. ನಮ್ಮ ಊರೂ ಅಲ್ಲಿಂದ ನಾಲ್ಕಾರು ಮೈಲಿಯಷ್ಟೇ. ಊರ ಹೆಸರು ಕೇಳಿದೊಡನೆ ಅವರ ಮುಖವರಳಿತು. “ಹಂಗಾದ್ರೆ ಒಂದೇ ಸೀಮೆಯೋರು ಬುಡಿ” ಎಂದು ಕುಳಿತುಕೊಳ್ಳಲು ಮಣೆ ಸರಿಸಿ, ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿ ನಮ್ಮ ಮುಂದೆ ಹಿಡಿದರು.

ನಮ್ಮ ಕೈ ಒಂದು ಕ್ಷಣ ಹಿಂಜರಿಯಿತು. ಅದನ್ನು ಅವರು ಕಂಡರು. ಕಂಡೂ ಕಾಣದಂತೆ ಬಟ್ಟೆ ಮಡಿಸತೊಡಗಿದರು. ಆ ಒಂದು ಕ್ಷಣ ನಮ್ಮನ್ನು ಐವತ್ತು ವರ್ಷಗಳಿಗೂ ಹಿಂದಕ್ಕೆ ಕರೆದೊಯ್ದಿತು.

ನಮಗಾಗ ಒಂಬತ್ತೋ ಹತ್ತೋ ವಯಸ್ಸು. ಚೈತ್ರದ ಉರಿಬಿಸಿಲಿನ ಒಂದು ಮಧ್ಯಾಹ್ನ, ಉದ್ದನೆಯ ದಪ್ಪ ನಿಲುವಂಗಿ ತೊಟ್ಟ ವೃದ್ಧರೊಬ್ಬರು ನಮ್ಮ ಅಂಗಳದಲ್ಲಿ ನಿಂತು, ಭಾಷೆ ಬಾರದೆ, ಬೊಗಸೆಯನ್ನು ಬಾಯಿಗೊಡ್ಡಿ ನೀರು ಬೇಡಿದರು. ನಮ್ಮ ಅಜ್ಜಿ ಇಲ್ಲವೆನ್ನಲಿಲ್ಲ. ಹಿತ್ತಾಳೆಯ ಚೊಂಬಿನಲ್ಲಿ ನೀರು ಕೊಟ್ಟರು. ಅವರು ಹೊಸಿಲಿಳಿದೊಡನೆ, “ಹುಣಿಸೆಹಣ್ಣು ಬೂದಿ ಹಾಕಿ ಮೂರು ಸಲ ಬೆಳಗು ಮಗಾ” ಎಂದು ನಮಗೆ ಅಪ್ಪಣೆಯಾಯಿತು. ನಾವು ಅಂಗಳದಲ್ಲಿಯೇ ಕುಳಿತು ಬೆಳಗತೊಡಗಿದೆವು. ಬೀದಿಯ ತಿರುವಿನಲ್ಲಿ ಆ ವೃದ್ಧರು ಹಿಂತಿರುಗಿ ನೋಡಿದರು. ಎಲ್ಲವೂ ಅವರಿಗೆ ತಿಳಿಯಿತು. ಆದರೂ ಕೈಮುಗಿದು, ನಕ್ಕು, ಮುಂದೆ ನಡೆದರು.

ಅಂದು ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮುಂದೆ ಮಠದ ಉಚಿತ ಪ್ರಸಾದನಿಲಯ ಸೇರಿ, ಗುರುಗಳ ಪಾದದಡಿಯಲ್ಲಿ ಕುಳಿತು ಶರಣರ ವಚನಗಳನ್ನು ಓದುವಾಗ, ಕುಲವನ್ನರಸದ ಧರ್ಮದ ಮಾತು ಬಂದಾಗಲೆಲ್ಲ ಆ ನಗು ಕಣ್ಣ ಮುಂದೆ ನಿಲ್ಲುತ್ತಿತ್ತು. ಅನೇಕ ವರ್ಷ ಅದನ್ನೇ ಪಾಠ ಹೇಳಿದೆವು; ಆ ಚೊಂಬಿನ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಇಂದು ಈ ಪತ್ರಿಕೆಯ ಬಂಧುಗಳ ಮುಂದೆ ಹೇಳುತ್ತಿದ್ದೇವೆ.

1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಬೆನ್ನಿಗೇ ಸಾವಿರಾರು ಜನರು ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗೇಣಿಯ ಮೇಲೆ ಒದಗಿಸಿತು. 1960-61ರಲ್ಲಿ ಅಲ್ಲಿ ಮೊದಲ ವಸತಿ ಆರಂಭವಾಯಿತು. ಬಳಿಕ 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿ, ಎಪ್ಪತ್ತರ ದಶಕದಲ್ಲಿ ಹುಣಸೂರು ಹಾಗೂ ಕೊಳ್ಳೇಗಾಲದ ವಸತಿಗಳು ಬಂದವು. ಬೈಲಕುಪ್ಪೆ ಮೊದಲಾದಾಗ ಮುಖ್ಯಮಂತ್ರಿಗಳಾಗಿದ್ದವರು ಬಿ.ಡಿ. ಜತ್ತಿಯವರು, ಮುಂಡಗೋಡದ ಕಾಲಕ್ಕೆ ಎಸ್. ನಿಜಲಿಂಗಪ್ಪನವರು. ನಿಜಲಿಂಗಪ್ಪನವರ ಉಪಕಾರವನ್ನು ದಲೈ ಲಾಮಾ ಅವರು ಅನೇಕ ಬಾರಿ ಸ್ಮರಿಸಿದ್ದಾರೆ. ಇಬ್ಬರೂ ನಮ್ಮ ಸಮಾಜದವರೆಂಬ ಹೆಮ್ಮೆ ನಮಗುಂಟು. ಆದರೆ ಆ ಹೆಮ್ಮೆಯ ಪಕ್ಕದಲ್ಲಿ ನಮ್ಮ ಮನೆಯ ಚೊಂಬನ್ನೂ ಇಟ್ಟು ನೋಡಬೇಕಾಗಿದೆ.

ಹಿಮದ ನಾಡಿನವರು ಬಿದಿರಿನ ಗುಡಿಸಲು, ಡೇರೆಗಳಲ್ಲಿದ್ದುಕೊಂಡು ಕಾಡು ಕಡಿದು ಮೆಕ್ಕೆಜೋಳ ಬಿತ್ತಿದರು. ಆನೆ, ಹಂದಿಗಳ ಕಾಟ, ಒಗ್ಗದ ಬಿಸಿಲು, ಕಾಯಿಲೆ. ತೀರಿಹೋದವರು ಬಹಳ. ಇತ್ತ ನಮ್ಮ ತಂದೆಯವರು ಜಗುಲಿಯ ಮೇಲೆ ಕುಳಿತು, “ನಮ್ಮೂರ ಜಮೀನಿಲ್ಲದೋರಿಗೆ ಸಿಗದ ಭೂಮಿ ಇವರಿಗೆ ಸಿಕ್ಕಿತಲ್ಲ” ಎನ್ನುತ್ತಿದ್ದರು. ಆ ಮಾತನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಲು ಬಾರದು. ಊರ ಬಡವರ ಸಂಕಟವೂ ನಿಜವಾದದ್ದೇ.

ಆ ಪ್ರಶ್ನೆಗೆ ಒಂದಿಷ್ಟು ಉತ್ತರ ದೊರೆತದ್ದು, ಶಿವಾಜಿನಗರದಿಂದ ಹಲಸೂರನ್ನು ದಾಟಿದರೆ ಸಿಗುವ ದೊಮ್ಮಲೂರಿನಲ್ಲಿ ಕಚೇರಿಯುಳ್ಳ ಒಂದು ಸೇವಾಸಂಸ್ಥೆಯಿಂದ. ಅದೇ ಮೈರಾಡ. 1968ರಲ್ಲಿ ಕ್ಯಾಪ್ಟನ್ ವಿಲಿಯಂ ಡೇವಿನ್‌ಸನ್ ಅವರು ಸ್ಥಾಪಿಸಿದ ಈ ಸಂಸ್ಥೆಯ ಪೂರ್ಣ ಹೆಸರಿನ ಅರ್ಥವೇ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂದು. ಸುಮಾರು 15,000 ಟಿಬೆಟಿಯನ್ನರಿಗೆ ನೆಲೆ ಕಲ್ಪಿಸುವುದರಲ್ಲಿ ಅದು ಸರ್ಕಾರಕ್ಕೆ ನೆರವಾಯಿತು. ನಮ್ಮ ಮನಸ್ಸನ್ನು ಹಿಡಿದದ್ದು ಅದರ ಮುಂದಿನ ಹೆಜ್ಜೆ. ವಸತಿಗಳು ತಮ್ಮ ಕಾಲ ಮೇಲೆ ನಿಲ್ಲತೊಡಗಿದಾಗ ಎಪ್ಪತ್ತರ ದಶಕದ ಕೊನೆಗೆ ಆ ಸಂಸ್ಥೆ ಅಲ್ಲಿಂದ ಹಿಂದೆ ಸರಿದು, ಭೂಹೀನ ರೈತರ ಮತ್ತು ಬಿಡುಗಡೆಗೊಂಡ ಜೀತದಾಳುಗಳ ಕಡೆಗೆ ತಿರುಗಿತು. ನಮ್ಮ ತಂದೆಯವರು ಕೇಳುತ್ತಿದ್ದುದು ಇಂಥವರ ಪರವಾಗಿಯೇ ಅಲ್ಲವೆ?

1984-85ರ ಹೊತ್ತಿಗೆ ಆ ಸಂಸ್ಥೆ ಕಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಳಜಗಳದಿಂದ ಒಡೆದವು. ಸಾಲ ಪಡೆದವರು, ಸಂಘಕ್ಕೆ ಕಟ್ಟೆವು, ನಿಮಗೇ ಕಟ್ಟುತ್ತೇವೆಂದು ಸಂಸ್ಥೆಯವರ ಬಳಿ ಬಂದರು. ಪರಸ್ಪರ ನಂಬಿಕೆಯುಳ್ಳವರು ಚಿಕ್ಕ ಚಿಕ್ಕ ಗುಂಪು ಮಾಡಿಕೊಂಡು, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿರೆಂಬ ಸಲಹೆ ಅವರಿಗೆ ದೊರೆಯಿತು. ಆ ಗುಂಪುಗಳ ಉಳಿತಾಯವನ್ನು ಕಂಡು ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿಗಳನ್ನು ನೀಡಿತು. 1992ರಲ್ಲಿ ದೇಶದಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ಇಂದು ನಮ್ಮ ಊರುಗಳಲ್ಲಿ ವಾರಕ್ಕೊಮ್ಮೆ ಕುಳಿತು ಪುಸ್ತಕದಲ್ಲಿ ಲೆಕ್ಕ ಬರೆಯುವ ಅಕ್ಕತಂಗಿಯರು, ನಿರಾಶ್ರಿತರ ಸೇವೆಗೆಂದು ಹುಟ್ಟಿದ ಸಂಸ್ಥೆಯೊಂದರ ಕೈಯೂ ಇದರ ಹಿಂದೆ ಉಂಟೆಂಬುದನ್ನು ತಿಳಿಯಬೇಕು.

ಜಗತ್ತಿನ ಬೇರೆಡೆಯೂ ಇದೇ ಮಾತು. ಬರ್ಮಾ ದೇಶದ ಕರೆನ್ ಜನರು 1984ರಿಂದ ಥಾಯ್ಲೆಂಡಿನ ಗಡಿಯ ಶಿಬಿರಗಳನ್ನು ಸೇರಿದರು. ಹೊರಗೆ ಹೋಗಿ ದುಡಿಯಲು ಅನುಮತಿ ಇಲ್ಲದೆ, ಹಂಚಿದ ಅಕ್ಕಿಯನ್ನೇ ನಂಬಿ ದಶಕಗಳನ್ನು ಕಳೆದರು. ಅವರಲ್ಲೇ ಅಮೆರಿಕದ ಮಿನ್ನೆಸೋಟಾಕ್ಕೆ ಹೋದವರು ತಮ್ಮದೇ ಸಂಸ್ಥೆ ಕಟ್ಟಿಕೊಂಡು, ಹೊಸಬರಿಗೆ ಭಾಷೆ ಕಲಿಸಿ ಕೆಲಸ ಹುಡುಕಿಕೊಡುತ್ತಿದ್ದಾರೆ. ಅನ್ನವಿಕ್ಕಿ ಕೈಕಟ್ಟಿ ಕೂರಿಸುವುದು ಪೂರ್ಣ ದಾಸೋಹವಲ್ಲ. ಉಂಡವನು ನಾಳೆ ಉಣಬಡಿಸುವಂತಾದಾಗಲೇ ಅದು ಪೂರ್ಣವಾಗುವುದು.

ನಮ್ಮ ಪರಂಪರೆಗೆ ಇದು ಹೊಸದಲ್ಲ. ಕಾಶ್ಮೀರದ ಅರಸು ಹಿಮಾಲಯದ ನಾಡನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಬದುಕಿ ಮೋಳಿಗೆಯ ಮಾರಯ್ಯನಾದನೆಂದು ಹಿರಿಯರು ಹೇಳಿದ್ದಾರೆ. ಕಲ್ಯಾಣವು ಅವನಿಗೆ ನೆಲೆಯನ್ನಿತ್ತಿತು, ಕಾಯಕವನ್ನೂ ಬಿಟ್ಟುಕೊಟ್ಟಿತು. ಅದೇ ಕಲ್ಯಾಣ ಒಡೆದಾಗ ಶರಣರೇ ನಿರಾಶ್ರಿತರಾದರು. ಪ್ರಾಣವನ್ನೂ ವಚನದ ಕಟ್ಟುಗಳನ್ನೂ ಉಳಿಸಿಕೊಳ್ಳಲು ಚನ್ನಬಸವಣ್ಣನವರೊಡನೆ ಉಳವಿಯ ಕಾಡನ್ನು ಸೇರಿದರು. ಉಳವಿ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ಟಿಬೆಟಿನ ಭಿಕ್ಷುಗಳು ಗಾಂದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದ ಮುಂಡಗೋಡವೂ ಅದೇ ಜಿಲ್ಲೆಯಲ್ಲಿ. ಓಡಿ ಬಂದವರ ವಂಶದವರಾದ ನಾವು ಓಡಿ ಬಂದವರು ಮುಟ್ಟಿದ ಚೊಂಬನ್ನು ಬೆಳಗಿದೆವು!

ಮಣೆಯ ಮೇಲೆ ಕುಳಿತ ನಾವು ಚಹಾ ಕುಡಿದೆವು. ಆ ತಾಯಿ ತಮ್ಮ ಕತೆ ಹೇಳಿದರು. ಸಂಸಾರ ಬೆಳೆದಂತೆ ಮಳೆಯಾಧಾರಿತ ತುಂಡು ಹೊಲ ಸಾಲದಾಯಿತು. ಚಳಿಗಾಲದಲ್ಲಿ ಲುಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲಕ್ಕೆ ಮಾಲು ತಂದು ಮಾರಿ, ಸಂಕ್ರಾಂತಿಯ ಹೊತ್ತಿಗೆ ಬಾಕಿ ತೀರಿಸಿ ಊರಿಗೆ ಮರಳುತ್ತಾರೆ. “ಸಾಲ ಉಳಿಸ್ಕಂಡ್ರೆ ಮುಂದಿನ ವರ್ಸ ಯಾರು ಕೊಡ್ತಾರೆ ಐನೋರೇ” ಎಂದು ನಕ್ಕರು. ಮಕ್ಕಳಿಬ್ಬರೂ ದೂರದೇಶಕ್ಕೆ ಹೋಗಿದ್ದಾರಂತೆ.

ನಾವು ಬೂದುಬಣ್ಣದ ಸ್ವೆಟರೊಂದನ್ನು ಆರಿಸಿ, ಹೇಳಿದ ಬೆಲೆಗಿಂತ ಐವತ್ತು ರೂಪಾಯಿ ಹೆಚ್ಚಾಗಿಯೇ ಇಟ್ಟೆವು. ಅವರು ಎಣಿಸಿ, ಐವತ್ತನ್ನು ತೆಗೆದು ನಮ್ಮ ಹೂವಿನ ಪೊಟ್ಟಣದ ಮೇಲಿಟ್ಟು, “ಇದು ನಂದಲ್ಲ” ಎಂದರು. ನಾವು ಪಾಠ ಹೇಳಿದ್ದನ್ನು ಅವರು ನಡೆದು ತೋರಿಸಿದ್ದರು. ಕುಡಿದ ಲೋಟವನ್ನು ನಾವೇ ತೊಳೆದುಕೊಡುತ್ತೇವೆಂದು ಎದ್ದರೆ ಅದಕ್ಕೂ ಒಪ್ಪಲಿಲ್ಲ.

ಬಂಧುಗಳೇ, ದಾಸೋಹಕ್ಕೆಂದು ನಾವೆಲ್ಲ ಧಾರಾಳವಾಗಿ ಕೊಡುವವರು. ಕೊಡುವಾಗ, ಇದು ಒಂದು ಹೊತ್ತಿನ ಊಟವೋ ಒಂದು ಬದುಕಿನ ಕಾಯಕವೋ ಎಂದು ಕೇಳಿಕೊಳ್ಳೋಣ. ಜೊತೆಗೆ, ಕೊಟ್ಟ ಪಾತ್ರೆಯನ್ನು ಆಮೇಲೆ ಏನು ಮಾಡುತ್ತೇವೆಂಬುದನ್ನೂ ನಮ್ಮ ಮಕ್ಕಳು ನೋಡುತ್ತಿರುತ್ತಾರೆಂಬುದನ್ನು ಮರೆಯದಿರೋಣ.