ಎಲೆಕೋಸು ಪಂಕ್ತಿಗೆ ಬಂದ ಬಗೆ

ಕನ್ನಡನಾಡಿನ ಅಡಿಗೆಮನೆಯನ್ನು ಎಲೆಕೋಸಿನಷ್ಟು ಸಂಕೋಚದಿಂದ ಹೊಕ್ಕ ತರಕಾರಿ ಬೇರೊಂದು ಇರಲಾರದು. ಯೂರೋಪಿನವರೊಡನೆ ಬಂದ ಈ ಅತಿಥಿಗೆ ಶ್ರಾದ್ಧದ ಅಡಿಗೆಯಲ್ಲಿ ಪ್ರವೇಶವಿಲ್ಲದ ಮನೆಗಳು ಇಂದಿಗೂ ಉಂಟು. ಉಳಿದ ದಿನಗಳಲ್ಲಿಯೂ ಅದು ಬೆಂದು ಪಲ್ಯವಾದ ಮೇಲೆಯೇ ಹೆಚ್ಚಾಗಿ ಎಲೆಗೆ ಬರುವುದು. ಅದನ್ನು ಹಸಿಯಾಗಿ ಸವಿಯುವ ಬಗೆಗೆ ಹೆಸರಿಟ್ಟವರು ಡಚ್ಚರು. 'ಕೋಲ್' ಎಂದರೆ ಕೋಸು, 'ಸ್ಲಾ' ಎಂದರೆ ಹಸಿ ತರಕಾರಿಯ ಪಚ್ಚಡಿ; ಎರಡೂ ಕೂಡಿ 'ಕೋಲ್‌ಸ್ಲಾ'. ಅಮೆರಿಕೆಗೆ ಹೋದ ಈ ಪದಾರ್ಥ ಕಾಲಕ್ರಮದಲ್ಲಿ ಮೇಯನೇಸಿನ ಸಹವಾಸ ಮಾಡಿತು. ಮೇಯನೇಸೆಂದರೆ ಮೊಟ್ಟೆಯ ಹಳದಿ, ಎಣ್ಣೆ ಮತ್ತು ಹುಳಿಯನ್ನು ಕಡೆದು ಮಾಡಿದ, ಕೆನೆಯಂಥ ಗೊಜ್ಜು. ತೊಡಕು ಹುಟ್ಟುವುದು ಇಲ್ಲಿಯೇ.

ಅರಸೀಕೆರೆಯ ಒಂದು ಮನೆಗೆ ಅಮೆರಿಕೆಯಿಂದ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ ರಜೆಗೆಂದು ಬಂದಿಳಿದರು. ಮರುದಿನವೇ ಬೇಲೂರು, ಹಳೇಬೀಡುಗಳ ಪ್ರವಾಸವಾಯಿತು. ವಿಷ್ಣುವರ್ಧನನು 1117ರಲ್ಲಿ ಕೇಶವನನ್ನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಬೇಲೂರಿನ ಶಿಲಾಬಾಲಿಕೆಯರನ್ನು ಕಣ್ತುಂಬ ನೋಡಿದ ಹುಡುಗ, ಮನೆಗೆ ಬಂದು ಅಜ್ಜಿಯ ಹುಳಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಾಲ್ಕು ದಿನ ಬ್ರೆಡ್ಡೇ ಗತಿಯಾಯಿತು. ಅಜ್ಜಿಗೆ ಅನ್ನ ಗಂಟಲಲ್ಲಿ ಇಳಿಯದು. ಕೊನೆಗೆ ಹುಡುಗ ಕೋಲ್‌ಸ್ಲಾ ಬೇಕೆಂದ. ಸೊಸೆ ಸೀಸೆಯೊಂದನ್ನು ತರಿಸಿದಳು.

"ಇದರಲ್ಲಿ ಏನಿದೆಯಮ್ಮ?" ಎಂದರು ಅತ್ತೆ.

ಸೊಸೆ ಸುಳ್ಳಾಡಲಿಲ್ಲ. ಅತ್ತೆ ಗದರಲೂ ಇಲ್ಲ. ಮೌನವಾಗಿ ತಮ್ಮ ಎಲೆಯನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. ಎರಡು ವರ್ಷಕ್ಕೊಮ್ಮೆ ಕೂಡುವ ಪಂಕ್ತಿ ಎರಡಾಗಿ ಒಡೆಯಿತು. ಮೊಟ್ಟೆಯಿಲ್ಲದ ಮೇಯನೇಸೂ ಅಂಗಡಿಯಲ್ಲಿ ದೊರೆಯುವುದು ನಿಜ. ಆದರೆ ಆ ಹೊತ್ತಿಗೆ ಅಜ್ಜಿಗೆ ಸೀಸೆಯ ಕುಲದ ಮೇಲೆಯೇ ನಂಬಿಕೆ ಹೋಗಿತ್ತು.

ಮರುದಿನ ಬೆಳಗ್ಗೆ ಅವರೇ ಕೇಳಿದರು: "ಅದರ ರುಚಿ ಹೇಗಿರಬೇಕು?"

"ಕೆನೆಯಂತೆ ಮೃದು ಅತ್ತೆ, ಸ್ವಲ್ಪ ಹುಳಿ, ತುಸು ಖಾರ."

"ಅಷ್ಟೇ ತಾನೆ? ಕೋಸನ್ನು ಇತ್ತ ಕೊಡು."

ಈಳಿಗೆಮಣೆಯ ಮುಂದೆ ಕುಳಿತು ಅಜ್ಜಿ ಅರ್ಧ ಕಿಲೋ ಕೋಸನ್ನು ದಾರದಂತೆ ಹೆಚ್ಚಿದರು. ಹಳೇಬೀಡಿನ ಕುಸುರಿಯನ್ನು ನೋಡಿದ ಕಣ್ಣಿನಿಂದಲೇ ಹುಡುಗ ಅದನ್ನೂ ನೋಡುತ್ತ ನಿಂತ. ಹೆಚ್ಚಿದ್ದಕ್ಕೆ ಒಂದು ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟರು. ಉಪ್ಪು ಎಲೆಯೊಳಗಿನ ನೀರನ್ನು ಸೆಳೆದು ಹೊರಹಾಕುತ್ತದೆ. ಆ ನೀರನ್ನು ಹಿಂಡಿ ತೆಗೆಯದಿದ್ದರೆ ಮುಂದೆ ಮೊಸರು ತೆಳ್ಳಗಾಗುವುದು ಖಂಡಿತ. ಎರಡು ಲೋಟ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದೂ ಈ ಕಾರಣಕ್ಕೇ.

ತೆಂಗಿಗೆ ಹೆಸರಾದ ಸೀಮೆಯಲ್ಲಿ ಕೆನೆಗೆ ಬರವೇ? ನಾಲ್ಕು ಚಮಚ ಹಸಿ ತೆಂಗಿನತುರಿ, ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸಿನಕಾಯಿಯನ್ನು ತಣ್ಣೀರಿನಲ್ಲಿ ನುಣ್ಣಗೆ ರುಬ್ಬಿದರು. ಇಡೀ ಸಾಸಿವೆಕಾಳಿನಲ್ಲಿ ಘಾಟಿಲ್ಲ. ಕಾಳು ಒಡೆದು ನೀರು ತಗುಲಿದಾಗಲೇ ಅದು ಹುಟ್ಟುತ್ತದೆ, ಕಾಯಿಸಿದರೆ ಕುಂದುತ್ತದೆ. ಆದುದರಿಂದ ಈ ಪದಾರ್ಥಕ್ಕೆ ಒಲೆಯ ಹಂಗಿಲ್ಲ. ವಿನೋದವೆಂದರೆ, ಸಸ್ಯಶಾಸ್ತ್ರದ ಪ್ರಕಾರ ಸಾಸಿವೆಯೂ ಎಲೆಕೋಸೂ ಒಂದೇ ಕುಟುಂಬದವು. ಯೂರೋಪಿನಿಂದ ಬಂದ ಕೋಸಿಗೆ ಅಜ್ಜಿಯ ಮಸಾಲೆಡಬ್ಬಿಯಲ್ಲಿಯೇ ದಾಯಾದಿಯೊಬ್ಬ ಕಾದಿದ್ದ!

ಎಲೆ ಹಾಕಿದ ಮೇಲೆ ಕೋಸು, ತುರಿದ ಒಂದು ಗಜ್ಜರಿ, ರುಬ್ಬಿದ್ದು, ಮೊಸರು ಎಲ್ಲವನ್ನೂ ಕಲಸಿದರು. ಇಂಗಿನ ಒಗ್ಗರಣೆಯನ್ನು ದೊಡ್ಡವರ ಪಾಲಿಗೆ ಮಾತ್ರ ಹಾಕಿದ್ದು ಅಜ್ಜಿಯ ರಾಜನೀತಿ.

ಹುಡುಗ ಮೊದಲ ತುತ್ತಿಗೆ ಹುಬ್ಬೇರಿಸಿದ. "ಇದು ಅದಲ್ಲ" ಎಂದ. ಅಜ್ಜಿಯ ಕೈಯ ಸೌಟು ನಡುವೆಯೇ ನಿಂತಿತು. ಅವನು ಇನ್ನೊಂದು ತುತ್ತು ತಿಂದು, ಬಟ್ಟಲನ್ನು ಮುಂದಕ್ಕೆ ಚಾಚಿ, "ಇನ್ನೂ ಸ್ವಲ್ಪ ಹಾಕಿ, ಅಜ್ಜಿ" ಎಂದ.

ಅವನ ಮಾತು ನಿಜವೇ. ಅದು ಕೋಲ್‌ಸ್ಲಾ ಆಗಿರಲಿಲ್ಲ. ಅಜ್ಜಿಯ ಬಾಲ್ಯದ ಸಾಸಿವೆಯೂ ಆಗಿರಲಿಲ್ಲ. ತನ್ನ ನೇಮವನ್ನು ಬಿಡಲಾರದವರೂ ತನ್ನ ರುಚಿಯನ್ನು ಬಿಡಲೊಲ್ಲದವನೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬಹುದಾದ ಮೂರನೆಯದೊಂದು ಅದು. ಸೊಸೆ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡಳು. ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಳು.