ಪರವೂರಿನ ಮೀನು

ಅಲಾಸ್ಕಾದ ಹೋಮರ್ ಎಂದರೆ ಗಾಳದ ಹುಚ್ಚಿನವರಿಗೆ ಬೇಸಿಗೆಯೇ ನೆನಪಾಗುತ್ತದೆ. ಕಚೆಮಾಕ್ ಕೊಲ್ಲಿಯೊಳಕ್ಕೆ ಸುಮಾರು 7 ಕಿಲೋಮೀಟರ್ ಚಾಚಿಕೊಂಡ ಜಲ್ಲಿಕಲ್ಲಿನ ದಿಣ್ಣೆ, ಅದರ ಮೇಲೆ ಅಂಗಡಿಸಾಲು, ಬೋಟು ದಡ ಸೇರುತ್ತಲೇ ಕೊಕ್ಕೆಗೆ ತೂಗುಬಿದ್ದ ಹ್ಯಾಲಿಬಟ್, ಪಕ್ಕದಲ್ಲಿ ಫೋಟೋಗೆ ನಿಂತ ಪ್ರವಾಸಿ. ‘ಜಗತ್ತಿನ ಹ್ಯಾಲಿಬಟ್ ರಾಜಧಾನಿ’ ಎಂಬ ಬಿರುದನ್ನು ಊರು ತನಗೆ ತಾನೇ ಕೊಟ್ಟುಕೊಂಡಿದೆ. ನನ್ನ ತಕರಾರು ಇಷ್ಟೇ: ಆ ಕಡಲು ಅರ್ಥವಾಗಬೇಕಾದರೆ ಅಂಗಡಿಗಳಿಗೆ ಬೀಗ ಬಿದ್ದ ಚಳಿಗಾಲದಲ್ಲಿ ಅದನ್ನು ನೋಡಬೇಕು. ಬೇಸಿಗೆಯಲ್ಲಿ ಪರವೂರಿನವರು ದಂಡೆಯ ಮೇಲೆ ತುಂಬಿರುತ್ತಾರೆ, ಚಳಿಗಾಲದಲ್ಲಿ ನೀರಿನೊಳಗೆ.

ಚಳಿ ಬಂದೊಡನೆ ಎರಡು ಮೀನುಗಳ ದಾರಿ ಬೇರೆಯಾಗುತ್ತದೆ. ಹ್ಯಾಲಿಬಟ್ ನಮ್ಮ ಕರಾವಳಿಯ ನಂಗಿನ ಹಾಗೆ ಚಪ್ಪಟೆ, ಎರಡೂ ಕಣ್ಣು ಒಂದೇ ಮಗ್ಗುಲಿಗೆ. ಆದರೆ ಬೆಳೆದರೆ 200 ಕೆ.ಜಿ. ದಾಟೀತು. ಬಲಿತವು ಕೊಲ್ಲಿ ಬಿಟ್ಟು, ದೂರದ ಆಳಕ್ಕೆ ಮೊಟ್ಟೆಯಿಡಲು ಹೊರಟುಬಿಡುತ್ತವೆ. ಅಮೆರಿಕ ಮತ್ತು ಕೆನಡಾ 1923ರಲ್ಲೇ ಒಪ್ಪಂದ ಮಾಡಿಕೊಂಡು, ಚಳಿಗಾಲದ ಮೂರು ತಿಂಗಳು ಹ್ಯಾಲಿಬಟ್ಟಿನ ವಾಣಿಜ್ಯ ಬೇಟೆಯನ್ನು ನಿಲ್ಲಿಸಿದ್ದವು. ಉಳಿದದ್ದು ಕಿಂಗ್ ಸಾಲ್ಮನ್. ಸಾಲ್ಮನ್ ಎಂದರೆ ಹೊಳೆ ಏರುವ ಮೀನು ಎಂಬ ಎಣಿಕೆ ಇಲ್ಲಿ ಕೆಲಸಕ್ಕೆ ಬಾರದು. ಹೋಮರ್ ಇರುವ ಪರ್ಯಾಯ ದ್ವೀಪದ್ದೇ ಆದ ಕೀನೈ ನದಿಯಲ್ಲಿ 1985ರಲ್ಲಿ 44 ಕೆ.ಜಿ.ಯ ಕಿಂಗ್ ಗಾಳಕ್ಕೆ ಬಿದ್ದು ದಾಖಲೆಯಾಯಿತು, ನಿಜ. ಆದರೆ ಹೊಳೆ ಹೊಕ್ಕ ಮೀನು ಉಣ್ಣುವುದನ್ನೇ ಬಿಟ್ಟು ಮೈಯ ಕೊಬ್ಬನ್ನು ಸುಟ್ಟುಕೊಂಡು ಹೋಗುವ ಮೀನು. ಕೊಲ್ಲಿಯ ಚಳಿಗಾಲದ ಕಿಂಗ್ ಇನ್ನೂ ಬಲಿತಿಲ್ಲ, ಗಾತ್ರದಲ್ಲಿ ಚಿಕ್ಕದು, ಹೆರಿಂಗ್ ತಿಂದು ಕೊಬ್ಬುತ್ತಿರುವುದು. ರುಚಿಯ ಮಾತಿಗೆ ಬಂದರೆ ಎರಡನ್ನೂ ಹೋಲಿಸುವುದೇ ಅನ್ಯಾಯ.

ಅದನ್ನು ಹಿಡಿಯುವ ಕ್ರಮವೂ ಬೇರೆ. ಬೋಟಿನ ಅಂಚಿನ ರಾಟೆಯಿಂದ ಉಕ್ಕಿನ ತಂತಿಗೆ ಕಟ್ಟಿದ ಸೀಸದ ಗುಂಡನ್ನು ಇಳಿಬಿಡುತ್ತಾರೆ. ಗಾಳದ ದಾರವನ್ನು ಆ ತಂತಿಗೆ ಒಂದು ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ. ಬೋಟು ನಿಧಾನವಾಗಿ ಸಾಗುವಾಗ ಕೋಲು ಬಿಲ್ಲಿನಂತೆ ಬಗ್ಗಿಯೇ ಇರುತ್ತದೆ. ಮೀನು ಕಚ್ಚಿತೆಂದರೆ ದಾರ ಕ್ಲಿಪ್ಪಿನಿಂದ ಕಳಚಿಕೊಂಡು ಕೋಲು ಒಮ್ಮೆಗೇ ನೆಟ್ಟಗಾಗುತ್ತದೆ. ಎಳೆತ ಗೊತ್ತಾಗುವುದು ಆಮೇಲೆ.

ಈ ಮೀನು ಯಾರದು? ಕೆಲವು ಕಿಂಗ್‌ಗಳ ಬೆನ್ನಿನ ಮೇಲೆ, ಬಾಲದ ಹತ್ತಿರ ಇರಬೇಕಾದ ಪುಟ್ಟ ರೆಕ್ಕೆ ಇರುವುದಿಲ್ಲ. ಮರಿ ಸಾಕಣೆ ಕೇಂದ್ರದಲ್ಲಿ ಅದನ್ನು ಕತ್ತರಿಸಿ, ಮೂತಿಯೊಳಗೆ ಒಂದು ಮಿಲಿಮೀಟರಿನಷ್ಟು ತಂತಿ ಚುಚ್ಚಿರುತ್ತಾರೆ. ತಲೆಯನ್ನು ಇಲಾಖೆಗೆ ಒಪ್ಪಿಸಿದರೆ, ತಂತಿಯ ಗುರುತು ಓದಿ ಮೀನಿನ ಹುಟ್ಟೂರು ಹೇಳುತ್ತಾರೆ. ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್, ಆರೆಗನ್: ಹೀಗೆ ಸಾವಿರಾರು ಕಿಲೋಮೀಟರ್ ದಕ್ಷಿಣದ ವಿಳಾಸಗಳು ಸಿಗುತ್ತವೆ. ಹೋಮರಿನ ಹೆಮ್ಮೆಯ ಚಳಿಗಾಲದ ಮೀನಿನಲ್ಲಿ ಬಹುಪಾಲು ಉಣ್ಣಲು ಬಂದ ನೆಂಟರು.

ಹಾಗಿದ್ದರೆ ನೆಂಟರನ್ನು ಹಿಡಿದು ತಿನ್ನುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆ ದಕ್ಷಿಣದ ನದಿಗಳಲ್ಲಿ ಕೆಲವುಗಳ ಕಿಂಗ್ ಸಂತತಿ ಕಾನೂನಿನ ರಕ್ಷಣೆ ಬೇಕಾಗುವಷ್ಟು ಕುಸಿದಿದೆ. ಪ್ರಶ್ನೆ ಹಗುರವಲ್ಲ. ನದಿಯಲ್ಲಾದರೆ ಬಂದವುಗಳನ್ನು ಎಣಿಸಿ, ಕಡಿಮೆಯೆನಿಸಿದರೆ ಬೇಟೆ ನಿಲ್ಲಿಸಬಹುದು. ಕಡಲಿನಲ್ಲಿ ಗಟ್ಟಿ ಸಂತತಿಯೂ ಸೊರಗಿದ್ದೂ ಒಂದೇ ಹಿಂಡಿನಲ್ಲಿರುತ್ತವೆ, ಗಾಳಕ್ಕೆ ಭೇದ ತಿಳಿಯದು. ಆದರೂ ಈ ಆಕ್ಷೇಪದಿಂದ ಹೊರಡುವುದು ಗಾಳ ಬೇಡವೆಂಬ ತೀರ್ಮಾನವಲ್ಲ, ಮೀನಿನ ಲೆಕ್ಕ ಬಿಗಿಯಾಗಲಿ ಎಂಬುದು. ಒಂದೊಂದೇ ಮೀನು ಹಿಡಿದು ತಲೆಯನ್ನು ಪರೀಕ್ಷೆಗೆ ಕೊಡುವ ಹವ್ಯಾಸಿಯಿಂದ ಆ ನದಿಗಳ ಬಗ್ಗೆ ತಿಳಿವಳಿಕೆಯೂ ಬೆಳೆಯುತ್ತದೆ. ಟನ್ನುಗಟ್ಟಲೆ ಬಾಚುವ ಬಲೆಯನ್ನೂ ಅವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಲಾಗದು.

ಚಳಿಯ ಆಕ್ಷೇಪಕ್ಕೆ ಉದ್ದದ ಉತ್ತರ ಬೇಕಿಲ್ಲ. ಅಂಥ ನೀರಿಗೆ ಬಿದ್ದವನ ಕೈಕಾಲು ನಿಮಿಷಗಳಲ್ಲೇ ಮರಗಟ್ಟುತ್ತವೆ. ಗಾಳಿ ಜೋರಿದ್ದ ದಿನ ತಿಳಿದವರು ಬೋಟು ಬಿಚ್ಚುವುದಿಲ್ಲ. ಇನ್ನು, ಹೇಗೂ ಹೋದದ್ದಾಯಿತು, ತಳಕ್ಕೊಂದು ಗಾಳ ಇಳಿಸಿ ಹ್ಯಾಲಿಬಟ್ಟನ್ನೂ ನೋಡಿಬಿಡೋಣ ಎನ್ನುವವರಿದ್ದಾರೆ. ಫೆಬ್ರವರಿ 1ರಿಂದ ಹವ್ಯಾಸಿಗಳಿಗೆ ಅದಕ್ಕೆ ಅನುಮತಿ ಇದೆ. ಆದರೆ ದೊಡ್ಡವು ಆಗಿನ್ನೂ ಆಳದಲ್ಲೇ ಇರುತ್ತವೆ. ಕೊಲ್ಲಿಯಲ್ಲಿ ಸಿಗುವುದು ಹೆಚ್ಚಾಗಿ ಮರಿಗಳು, ಅವುಗಳನ್ನು ಜುಲೈವರೆಗೆ ಬಿಟ್ಟರೆ ಫೋಟೋದವರಿಗಾದರೂ ಆದಾವು.